ಕೌದಿಯೋ, ಕಂಫರ್ಟರೋ, ಕಂಬಳಿಯೋ? ಮೊದಲು ಒಣಗಿಸುವ ಜಾಗ ನೋಡಿ

ಹೋದ ಡಿಸೆಂಬರಿನಲ್ಲಿ ತಂಗಿ ಫೋನ್ ಮಾಡಿ, "ಅಕ್ಕಾ, ಒಂದ್ ಚೊಲೋ ಹೊದಿಕಿ ಹೇಳ್" ಅಂದಳು. ಅದಕ್ಕೂ ಮೊದಲೇ ಹನ್ನೊಂದು ಫೋಟೊ ಕಳಿಸಿದ್ದಳು. ಹನ್ನೊಂದರಲ್ಲೂ ಬಿಳಿ ಗೋಡೆ, ದೊಡ್ಡ ಕಿಟಕಿ, ಉಬ್ಬಿಕೊಂಡ ರಜಾಯಿ, ಅದರ ಮೇಲೆ ಯಾಕೋ ಒಂದು ಕಾಫಿ ಕಪ್ಪು. ನಾನು ಒಂದೇ ಪ್ರಶ್ನೆ ಕೇಳಿದೆ: ಒಗೆದ ಮೇಲೆ ಇದನ್ನು ಎಲ್ಲಿ ಒಣಗಿಸ್ತೀ? ಅವಳು ಸುಮ್ಮನಾದಳು. ಅವಳದು ಬೆಂಗಳೂರಿನಲ್ಲಿ ಮೂರನೇ ಮಹಡಿಯ ಬಾಡಿಗೆ ಮನೆ, ಬಾಲ್ಕನಿ ಅಂದರೆ ಎರಡು ಕುಂಡ ಮತ್ತು ಒಂದು ಮಾಪ್ ಇಡುವಷ್ಟು ಜಾಗ, ತಾರಸಿಗೆ ಓನರ್ ಹಾಕಿದ ಬೀಗ.

ಹೊದಿಕೆ ಕೊಳ್ಳುವಾಗ ಎಲ್ಲರೂ ಬಣ್ಣ ನೋಡುತ್ತಾರೆ, ಮೆತ್ತಗಿದೆಯಾ ಅಂತ ಮುಟ್ಟುತ್ತಾರೆ, ರೇಟ್ ಕೇಳುತ್ತಾರೆ. ಒಣಗಿಸುವುದರ ಬಗ್ಗೆ ಯಾರೂ ಯೋಚಿಸುವುದಿಲ್ಲ. ನನ್ನ ಲೆಕ್ಕದಲ್ಲಿ ಅರ್ಧ ತೀರ್ಮಾನ ಅಲ್ಲೇ ಆಗಿಹೋಗುತ್ತದೆ. ಉಳಿದರ್ಧ ನಿಮ್ಮ ಕೋಣೆಯಲ್ಲಿ ಚಳಿ ಎಷ್ಟು, ಪಕ್ಕದಲ್ಲಿ ಮಲಗುವವರು ಯಾರು ಅನ್ನೋದರ ಮೇಲೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಹೊದಿಕೆ ಬಿಸಿ ಹುಟ್ಟಿಸುವುದಿಲ್ಲ. ಬಿಸಿ ನಿಮ್ಮ ಮೈಯದ್ದೇ. ಹೊದಿಕೆಯ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ ಆ ಬಿಸಿಯನ್ನು ಆಚೆ ಹೋಗದ ಹಾಗೆ ತಡೆಯುತ್ತದೆ, ಅಷ್ಟೇ. ಹಾಗಾಗಿ ಭಾರ ಇದ್ದರೆ ಬೆಚ್ಚಗಿರುತ್ತದೆ ಅಂತೇನೂ ಇಲ್ಲ. ಅಂಗಡಿಯಲ್ಲಿ ಕೈಗೆತ್ತಿಕೊಂಡು "ಅಬ್ಬಾ, ಎಷ್ಟು ತೂಕ ಇದೆ, ಒಳ್ಳೆ ಮಾಲು" ಅನ್ನುವವರನ್ನು ನೋಡಿದಾಗಲೆಲ್ಲ ನನಗೆ ಇದನ್ನು ಹೇಳಬೇಕು ಅನ್ನಿಸುತ್ತದೆ, ಹೇಳುವುದಿಲ್ಲ.

ನಿಮಗೆ ಚಳಿ ಎಷ್ಟಿದೆ?

ಬೆಂಗಳೂರಿನಲ್ಲಿ ಜನವರಿ ರಾತ್ರಿ ಸಾಮಾನ್ಯವಾಗಿ 15-16 ಡಿಗ್ರಿ. ಊರಿನ ದಾಖಲೆ 7.8 ಡಿಗ್ರಿ, ಅದು 1884ರ ಜನವರಿ 13ರದ್ದು, ಆಮೇಲೆ ಅಷ್ಟು ಕೆಳಗೆ ಇಳಿದಿಲ್ಲ. ಅದೂ ಬಯಲಿನ ಲೆಕ್ಕ. ಎರಡು ಕಡೆ ಪಕ್ಕದ ಮನೆಯ ಗೋಡೆ ಅಂಟಿಕೊಂಡ ಫ್ಲ್ಯಾಟಿನ ಬೆಡ್‌ರೂಮಿನಲ್ಲಿ ಕಿಟಕಿ ಹಾಕಿಕೊಂಡರೆ ಆಚೆಗಿಂತ ನಾಲ್ಕೈದು ಡಿಗ್ರಿ ಜಾಸ್ತಿಯೇ ಇರುತ್ತದೆ. ಇಷ್ಟಕ್ಕೆ ಹಿಮಾಚಲದವರು ಹೊದೆಯುವ ರಜಾಯಿ ಬೇಡ. ಮಂಗಳೂರು, ಉಡುಪಿ ಕಡೆ ಜನವರಿ ರಾತ್ರಿಯೂ 20-21 ಡಿಗ್ರಿ ಇರುತ್ತದೆ, ಅಲ್ಲಿ ದಪ್ಪ ಹೊದಿಕೆ ಬೀರುವಿನಲ್ಲಿ ಜಾಗ ಹಿಡಿಯೋಕೆ ಮಾತ್ರ. ಬೀದರ್, ವಿಜಯಪುರದ ಕಡೆ ಬೇರೆ ಕಥೆ. ಬೇಸಿಗೆಯಲ್ಲಿ ಸುಡುವ ಊರುಗಳೇ ಚಳಿಗಾಲದಲ್ಲಿ 10 ಡಿಗ್ರಿಯ ಆಸುಪಾಸಿಗೆ ಇಳಿಯುತ್ತವೆ, ಮನೆಯೂ ಬಿಡಿ ಮನೆಯಾಗಿದ್ದು ನೆಲಕ್ಕೆ ಶಹಾಬಾದ್ ಕಲ್ಲು ಹಾಕಿದ್ದರೆ ಬೆಳಗಿನ ಜಾವ ಚೆನ್ನಾಗಿಯೇ ನಡುಗಿಸುತ್ತದೆ. ಕೊಡಗು, ಚಿಕ್ಕಮಗಳೂರಿನವರಿಗೆ ಚಳಿಯ ಜೊತೆ ಥಂಡಿ, ಅಂದರೆ ತೇವವೂ ಉಂಟು. ಅಲ್ಲಿ ಬಟ್ಟೆ ಒಣಗುವುದೇ ದೊಡ್ಡ ಸುದ್ದಿ.

ಇನ್ನು ಎಸಿ. 2020ರ ಜನವರಿಯಿಂದ ಹೊಸ ರೂಮ್ ಎಸಿಗಳು ಆನ್ ಮಾಡಿದ ಕೂಡಲೇ 24 ಡಿಗ್ರಿಯಲ್ಲೇ ನಿಲ್ಲುವ ಹಾಗೆ ಬರುತ್ತವೆ. ಅಲ್ಲೇ ಬಿಟ್ಟರೆ ಒಂದು ತೆಳು ಹೊದಿಕೆ ಸಾಕು. ಕೆಲವರು ಅದನ್ನು 18ಕ್ಕೆ ಇಳಿಸಿ, ಮೇಲೆ ದಪ್ಪ ಕಂಫರ್ಟರ್ ಹೊದ್ದು ಮಲಗುತ್ತಾರೆ, ಆಮೇಲೆ ಕರೆಂಟ್ ಬಿಲ್ ನೋಡಿ ಬೆಸ್ಕಾಂಗೆ ಬಯ್ಯುತ್ತಾರೆ. ನಮ್ಮನೆಯಲ್ಲೂ ಒಬ್ಬರಿದ್ದಾರೆ.

ಕೌದಿ

ಇದರ ಬಗ್ಗೆ ನನಗೆ ಪಕ್ಷಪಾತ ಇದೆ. ಗದಗ ಕಡೆ ಹುಟ್ಟಿದವಳು, ಕೌದಿಯೊಳಗೇ ಬೆಳೆದವಳು. ಹಳೆಯ ನೂಲಿನ ಸೀರೆಗಳನ್ನು ಒಂದರ ಮೇಲೊಂದು ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಜೋಡಿಸಿ, ಈ ತುದಿಯಿಂದ ಆ ತುದಿಗೆ ಕೈಯಲ್ಲೇ ದಾರ ಓಡಿಸುತ್ತಾರೆ. ಒಳಗೆ ಹತ್ತಿ ಇಲ್ಲ, ಬರೀ ಬಟ್ಟೆ. ನಮ್ಮ ಕಡೆ ಗೊಂದಲಿಗರ ಹೆಂಗಸರು ಮನೆ ಮನೆಗೆ ಬಂದು ಪಡಸಾಲೆಯಲ್ಲಿ ಕೂತು ಹೊಲಿದು ಕೊಡುತ್ತಿದ್ದರು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಹೆಂಗಸರು ಹೊಲಿಯುವ ರೀತಿ ಬೇರೆ. ಅವರು ಅಂಚಿನಿಂದ ಶುರು ಮಾಡಿ ಸುತ್ತು ಸುತ್ತುತ್ತಾ ನಡುವಿಗೆ ಬರುತ್ತಾರೆ, ಕೊನೆಗೆ ನಾಲ್ಕು ಮೂಲೆಗೂ ಬಟ್ಟೆ ಮಡಿಚಿ ಒಂದೊಂದು ಹೂ ಇಡುತ್ತಾರೆ. ಆ ಹೂ ಇಲ್ಲದ ಕೌದಿ ಅವರ ಕಣ್ಣಿಗೆ ಬೆತ್ತಲೆ.

ಈಗ ಪಕ್ಷಪಾತ ಬಿಟ್ಟು ಹೇಳುತ್ತೇನೆ. ಕೌದಿ ತೂಕದ ಲೆಕ್ಕದಲ್ಲಿ ಅಷ್ಟೊಂದು ಬೆಚ್ಚಗಿನ ವಸ್ತುವಲ್ಲ. ಬಟ್ಟೆ ಬಟ್ಟೆಗೆ ಒತ್ತಿಕೊಂಡಿರುವುದರಿಂದ ಒಳಗೆ ಗಾಳಿ ಕಮ್ಮಿ. ಆದರೆ ಮೈಮೇಲೆ ಕೂರುತ್ತದಲ್ಲ, ಯಾರೋ ಪಕ್ಕದಲ್ಲಿ ಕೈ ಹಾಕಿಕೊಂಡು ಮಲಗಿದ ಹಾಗೆ, ಆ ಭಾರಕ್ಕೆ ನಿದ್ದೆ ಬರುತ್ತದೆ. ಬೆವರಿದರೂ ಅಂಟುವುದಿಲ್ಲ, ಹಳೆ ನೂಲು ಹೀರಿಕೊಳ್ಳುತ್ತದೆ. ಒಳಗೆ ತುಂಬಿದ್ದು ಜರುಗಿ ಮೂಲೆಗೆ ಸೇರುವ ತಲೆನೋವು ಇಲ್ಲ, ತುಂಬಿದ್ದೇ ಏನೂ ಇಲ್ಲವಲ್ಲ. ಹರಿದರೆ ಮೇಲೊಂದು ತುಂಡು ಹಚ್ಚಿ ಹೊಲಿದರಾಯಿತು. ನಮ್ಮ ಅಜ್ಜಿಯ ಕೌದಿಯಲ್ಲಿ ಮೊದಲಿನ ಬಟ್ಟೆ ಯಾವುದು, ಆಮೇಲೆ ಹಚ್ಚಿದ್ದು ಯಾವುದು ಅಂತ ಈಗ ಹೇಳೋಕೆ ಆಗುವುದಿಲ್ಲ. ಬೇಸಿಗೆಯಲ್ಲಿ ಅದನ್ನೇ ಹಾಸಿಕೊಂಡು ತಾರಸಿಯಲ್ಲಿ ಮಲಗುತ್ತಿದ್ದೆವು. ಹಾಸಲಿಕ್ಕೂ ಹೊದೆಯಲಿಕ್ಕೂ ಒಂದೇ ವಸ್ತು, ಇದು ಕಂಫರ್ಟರಿನಲ್ಲಿ, ರಜಾಯಿಯಲ್ಲಿ ಸಿಗುವುದಿಲ್ಲ.

ತೊಂದರೆ ಬರುವುದು ಒಗೆಯುವಾಗ. ನೆನೆದ ಕೌದಿ ಎತ್ತಲು ಇಬ್ಬರು ಬೇಕು, ಹಿಂಡಲು ಆ ಕಡೆ ಒಬ್ಬರು ಈ ಕಡೆ ಒಬ್ಬರು ನಿಂತು ತಿರುವಬೇಕು. ದಸರೆಗೆ ಮುಂಚೆ ಮನೆಯ ಹಾಸಿಗೆ ಹೊದಿಕೆಯನ್ನೆಲ್ಲ ಗಾಡಿಗೆ ಹೇರಿ ಹಳ್ಳಕ್ಕೋ ಹೊಳೆಗೋ ಹೋಗಿ ಒಗೆದು, ಅಲ್ಲೇ ಬಂಡೆಯ ಮೇಲೆ ಹರವಿ, ಬುತ್ತಿ ಬಿಚ್ಚಿ ಉಂಡು, ಸಂಜೆಗೆ ಮಡಿಚಿಕೊಂಡು ಬರುತ್ತಿದ್ದದ್ದು ಸುಮ್ನೆ ಅಲ್ಲ. ಕೌದಿಗೆ ಅಷ್ಟು ಬಂಡೆ ಬೇಕು, ಅಷ್ಟು ಬಿಸಿಲು ಬೇಕು, ಅಷ್ಟು ಕೈ ಬೇಕು. ಅಪಾರ್ಟ್‌ಮೆಂಟಿನ ನೈಲಾನ್ ಹಗ್ಗಕ್ಕೆ ಡಬಲ್ ಕೌದಿ ಹಾಕಿ ನೋಡಿ, ಹಗ್ಗ ಅಥವಾ ಗೋಡೆಯ ಕೊಕ್ಕೆ, ಎರಡರಲ್ಲಿ ಒಂದು ಹೋಗುತ್ತದೆ. ನಮ್ಮನೆಯಲ್ಲಿ ಕೊಕ್ಕೆ ಹೋಯಿತು.

ಹಾಗಾಗಿ ತಾರಸಿ ಇದ್ದವರಿಗೆ, ಅಂಗಳ ಇದ್ದವರಿಗೆ ಕೌದಿ. ಫ್ಲ್ಯಾಟಿನವರಿಗೆ ಬೇಕೇಬೇಕು ಅನ್ನಿಸಿದರೆ ಸಿಂಗಲ್ ತೆಗೆದುಕೊಳ್ಳಿ, ಮೂರೇ ಪದರದ್ದು. ಒಳಗೊಂದು ಬೆಡ್‌ಶೀಟ್ ಹೊದ್ದು ಮೇಲೆ ಕೌದಿ ಹಾಕಿಕೊಂಡರೆ ವರ್ಷಕ್ಕೆ ಎರಡು ಸಲ ಒಗೆದರೂ ನಡೆಯುತ್ತದೆ. ಮೊದಲ ಸಲ ಬೇರೆಯಾಗಿ ನೆನೆಸಿ, ಕೆಂಪು ತುಂಡು ಪಕ್ಕದ ಬಿಳಿ ತುಂಡಿಗೆ ಬಣ್ಣ ದಾನ ಮಾಡುವುದು ಗ್ಯಾರಂಟಿ.

ಕೊಳ್ಳುವಾಗ ಹಿಂಭಾಗ ತಿರುಗಿಸಿ ನೋಡಿ. ಕೈಹೊಲಿಗೆಯಾದರೆ ಹೊಲಿಗೆ ಸಾಲು ಅಲ್ಲಲ್ಲಿ ಸೊಟ್ಟಗಿರುತ್ತದೆ, ದಾರ ಮುಗಿದು ಹೊಸ ದಾರ ಶುರುವಾದ ಗಂಟು ಕಾಣುತ್ತದೆ. ಒಂದೇ ಅಳತೆಯ ಹೊಲಿಗೆ ಆ ತುದಿಯಿಂದ ಈ ತುದಿಗೆ ಓಡಿದ್ದರೆ ಅದು ಮಷೀನಿನದು. ಮಷೀನಿನದು ಕೆಟ್ಟದ್ದು ಅಂತಲ್ಲ, ಆದರೆ ಕೈಹೊಲಿಗೆಯ ರೇಟ್ ಅದಕ್ಕೆ ಕೊಡಬೇಡಿ. ನಿಜವಾದ ಡಬಲ್ ಕೌದಿಗೆ ಸಾವಿರಗಳ ಲೆಕ್ಕದಲ್ಲಿ ಹೇಳುತ್ತಾರೆ, ಚೌಕಾಸಿ ಮಾಡುವ ಮುಂಚೆ ಒಂದು ಮೊಳ ಬಟ್ಟೆಗೆ ನೀವೇ ದಾರ ಹಾಕಿ ಎಷ್ಟು ಹೊತ್ತು ಆಗುತ್ತದೆ ನೋಡಿಕೊಳ್ಳಿ. ಅದಕ್ಕಿಂತ ಒಳ್ಳೆಯ ದಾರಿ ಮನೆಯ ಸೀರೆಗಳನ್ನೇ ಕೊಟ್ಟು ಹೊಲಿಸುವುದು. ನೂಲಿನ ಸೀರೆ ಮಾತ್ರ ಕೊಡಿ. ಸಿಂಥೆಟಿಕ್ ಸೀರೆ ಜಾರುತ್ತದೆ, ರಾತ್ರಿಯೆಲ್ಲ ಹೊದಿಕೆ ನೆಲದ ಮೇಲಿರುತ್ತದೆ.

ಕಂಫರ್ಟರ್

ತಂಗಿಯ ಹನ್ನೊಂದು ಫೋಟೊದಲ್ಲಿ ಒಂಬತ್ತು ಇದೇ. ಕಂಫರ್ಟರ್, ಎಸಿ ಕ್ವಿಲ್ಟ್, ರಜಾಯಿ ಅಂತ ಹೆಸರು ಬದಲಾಗುತ್ತದೆ, ಒಳಗಿರುವುದು ಬಹುತೇಕ ಪಾಲಿಯೆಸ್ಟರ್ ನಾರು. ಬಯ್ಯಬೇಡಿ, ಅದರಲ್ಲೂ ಗುಣ ಇದೆ. ಒಳಗೆ ಟೊಳ್ಳಾದ ನಾರು ಗಾಳಿ ಹಿಡಿದಿಡುತ್ತದೆ, ಹಾಗಾಗಿ ಹಗುರ ಇದ್ದೂ ಬೆಚ್ಚಗಿರುತ್ತದೆ. ನೀರು ಹೀರುವುದಿಲ್ಲ, ಮಷೀನಿನಿಂದ ತೆಗೆದಾಗಲೇ ಅರ್ಧ ಒಣಗಿರುತ್ತದೆ. ತಾರಸಿ ಇಲ್ಲದ ಮನೆಗೆ, ಮಳೆ ಬಿಡದ ಊರಿಗೆ ಇದಕ್ಕಿಂತ ಸಲೀಸಾದದ್ದು ಇಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಜಾಸ್ತಿ ಮಳೆ ಬೀಳುತ್ತದೆ, ಅಲ್ಲಿ ಜುಲೈನಲ್ಲಿ ಕೌದಿ ಒಗೆದರೆ ಅದು ಒಣಗುವುದು ದೀಪಾವಳಿಗೆ.

ಆದರೆ ನೀರು ಹೀರದ ಗುಣವೇ ರಾತ್ರಿ ಕೈ ಕೊಡುತ್ತದೆ. ಬೆವರನ್ನೂ ಹೀರುವುದಿಲ್ಲ. ಬೆಳಗಿನ ಮೂರು ಗಂಟೆಗೆ ಎಚ್ಚರವಾಗಿ ಒಂದು ಕಾಲು ಆಚೆ ಹಾಕುತ್ತೀರಿ, ಕಾಲಿಗೆ ಚಳಿ, ಮೈಗೆ ಸೆಖೆ. ನಮ್ಮನೆಯವರು ಉಡುಪಿ ಕಡೆಯವರು, ಫ್ಯಾನ್ ಇಲ್ಲದೆ ನಿದ್ದೆಯೇ ಬಾರದ ಜಾತಿ. ಅವರಿಗೆ ಇದು ಆಗಿಬರಲಿಲ್ಲ. ನನಗೆ ಯಾವಾಗಲೂ ಕೈಕಾಲು ತಣ್ಣಗೆ, ನನಗೆ ಆಗಿಬಂತು. ಹೊರಗಿನ ಬಟ್ಟೆ ಹತ್ತಿಯದಾಗಿದ್ದರೆ ಸ್ವಲ್ಪ ವಾಸಿ. ಮೈಗೆ ತಾಗುವುದು ಹತ್ತಿ, ಒಳಗೆ ಪಾಲಿಯೆಸ್ಟರ್, ಈ ಜೋಡಿ ಬೆಂಗಳೂರು, ಮೈಸೂರಿಗೆ ಚೆನ್ನಾಗಿ ಹೊಂದುತ್ತದೆ.

ಇಲ್ಲೇ ನಾನು ಒಂದು ಸಲ ಮೋಸ ಹೋದೆ. ಒಂದು ಅಂಗಡಿಯಲ್ಲಿ "ಪ್ಯೂರ್ ಕಾಟನ್ ರಜಾಯಿ ಮೇಡಂ" ಅಂತ ಕೊಟ್ಟರು. ಮನೆಗೆ ಬಂದು ಲೇಬಲ್ ಓದಿದರೆ ಹೊದಿಕೆಯ ಹೊರಬಟ್ಟೆ ಮಾತ್ರ ಕಾಟನ್, ಒಳಗೆ ಪಾಲಿಯೆಸ್ಟರ್. ಅಂಗಡಿಯವರ ಮಾತು ಅರ್ಧ ನಿಜ, ನನ್ನ ದುಡ್ಡು ಮಾತ್ರ ಪೂರ್ತಿ ಹೋಯಿತು. ಲೇಬಲಿನಲ್ಲಿ ಎರಡು ಸಾಲು ಇರಬೇಕು, ಹೊರಬಟ್ಟೆ ಯಾವುದು ಅಂತ ಒಂದು, ಒಳಗೆ ತುಂಬಿದ್ದು ಯಾವುದು ಅಂತ ಒಂದು. ಒಂದೇ ಸಾಲು ಇದ್ದರೆ ಎರಡನೆಯದನ್ನು ಬಾಯಿಬಿಟ್ಟು ಕೇಳಿ.

ಜಿಎಸ್‌ಎಂ ಅಂತ ಒಂದು ನಂಬರ್ ಬರೆದಿರುತ್ತಾರೆ. ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ತುಂಬಿದ್ದಾರೆ ಅನ್ನುವ ಲೆಕ್ಕ. 120ರಿಂದ 150 ಅಂದರೆ ಎಸಿ ಕೋಣೆಗೆ, ಕರಾವಳಿಗೆ. 200ರ ಆಸುಪಾಸು ಬೆಂಗಳೂರು, ಮೈಸೂರು, ಧಾರವಾಡದ ಚಳಿಗಾಲಕ್ಕೆ ಸಾಕು. 300 ಅಂದರೆ ಮಡಿಕೇರಿ, ಬೀದರ್. 400ರ ಮೇಲಿನದ್ದು ದೆಹಲಿ ಕಡೆಯವರಿಗೆ ಬಿಡಿ. ಡಬಲ್ ಕಂಫರ್ಟರ್ ಸಾಮಾನ್ಯವಾಗಿ 90 ಇಂಚು ಅಗಲ, 100 ಇಂಚು ಉದ್ದ, ಅಂದರೆ ಹತ್ತಿರ ಹತ್ತಿರ 5.8 ಚದರ ಮೀಟರ್. 200 ಜಿಎಸ್‌ಎಂ ಆದರೆ ಒಳಗಿನ ನಾರೇ ಸುಮಾರು 1.2 ಕೆ.ಜಿ. ಇರಬೇಕು, ಹೊರಬಟ್ಟೆ ಸೇರಿ ಎರಡು ಕೆ.ಜಿ.ಯ ಹತ್ತಿರ ಬರಬೇಕು. ಪ್ಯಾಕೆಟ್ಟಿನ ಮೇಲೆ 200 ಜಿಎಸ್‌ಎಂ ಅಂತ ಹಾಕಿ ಒಟ್ಟು ತೂಕ 1.1 ಕೆ.ಜಿ. ಅಂತ ಬರೆದಿದ್ದರೆ ಎಲ್ಲೋ ಸುಳ್ಳು ಇದೆ. ಆನ್‌ಲೈನಿನಲ್ಲಿ ತೂಕ ಕೆಳಗೆಲ್ಲೋ ಮೂಲೆಯಲ್ಲಿ ಹಾಕಿರುತ್ತಾರೆ, ಹುಡುಕಿ ಗುಣಿಸಿ ನೋಡಿ.

ಹೊಲಿಗೆಯ ಮನೆಗಳನ್ನೂ ನೋಡಿ. ಚೌಕವೋ ಡೈಮಂಡೋ ಯಾವುದಾದರೂ ಇರಲಿ, ಒಂದೊಂದು ಮನೆ ಅಂಗೈಯಗಲಕ್ಕಿಂತ ತುಂಬಾ ದೊಡ್ಡದಿದ್ದರೆ ನಾಲ್ಕು ಒಗೆತಕ್ಕೆ ನಾರು ಒಂದು ಕಡೆ ಸೇರುತ್ತದೆ. ಬೆಳಕಿಗೆ ಎತ್ತಿ ಹಿಡಿದರೆ ಎಲ್ಲಿ ತೆಳ್ಳಗಿದೆ ಅಂತ ಅಲ್ಲೇ ಕಾಣುತ್ತದೆ. ಅಂಗಡಿಯವರು ಮುಖ ಗಂಟು ಹಾಕಿಕೊಳ್ಳಬಹುದು, ಪರವಾಗಿಲ್ಲ.

ಮಷೀನಿನ ವಿಷಯಕ್ಕೆ ಬಂದರೆ, 7 ಕೆ.ಜಿ. ಮಷೀನಿಗೆ 2 ಕೆ.ಜಿ. ಕಂಫರ್ಟರ್ ಹಿಡಿಯುತ್ತದೆ ಅಂತ ಲೆಕ್ಕ ಹಾಕಬೇಡಿ. ತೂಕಕ್ಕಿಂತ ಗಾತ್ರ ಮುಖ್ಯ. ಒಣಗಿದ್ದಾಗಲೇ ಡ್ರಮ್ಮಿಗೆ ಹಾಕಿ ನೋಡಿ, ಮೇಲೆ ಒಂದು ಕೈ ಆಡುವಷ್ಟು ಜಾಗ ಉಳಿದರೆ ಸರಿ. ತುರುಕಿ ಬಾಗಿಲು ಹಾಕಿದರೆ ಸೋಪು ಒಳಗೇ ಉಳಿಯುತ್ತದೆ, ಸ್ಪಿನ್ ಆಗುವಾಗ ಮಷೀನು ಅಡುಗೆಮನೆ ತನಕ ನಡೆದುಕೊಂಡು ಬರುತ್ತದೆ.

ಹತ್ತಿ ರಜಾಯಿ, ಜೈಪುರಿ ರಜಾಯಿ

ಹಳೆಯ ಕಾಲದ ಹತ್ತಿ ತುಂಬಿದ ರಜಾಯಿಯ ಸುಖವೇ ಬೇರೆ, ಒಪ್ಪಿಕೊಳ್ಳುತ್ತೇನೆ. ಬಿಸಿಲಿಗೆ ಹಾಕಿ ಸಂಜೆ ಒಳಗೆ ತಂದಾಗ ಅದು ಉಬ್ಬಿರುತ್ತದೆ, ಬಿಸಿಲಿನ ವಾಸನೆ ಇರುತ್ತದೆ. ಆದರೆ ಅದನ್ನು ಒಗೆಯೋಕೆ ಬರುವುದಿಲ್ಲ. ಒಗೆದರೆ ಹತ್ತಿ ಕಡುಬಿನ ಹಾಗೆ ಗಂಟು ಗಂಟಾಗುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ಬಿಚ್ಚಿ ಹತ್ತಿ ಹಿಂಜಿಸಬೇಕು. ನಮ್ಮ ಕಡೆ ಪಿಂಜಾರರು, ನದಾಫರು ಬಿಲ್ಲು ಹಿಡಿದು ಓಣಿಗೆ ಬರುತ್ತಿದ್ದರು, ಟಂಯ್ ಟಂಯ್ ಅಂತ ಸದ್ದು ಕೇಳಿದರೆ ಅವ್ವ ಗಾದಿ ಹೊರಗೆ ಎಳೆಯುತ್ತಿದ್ದಳು. ಈಗ ಹಿಂಜುವ ಮಷೀನಿನ ಅಂಗಡಿಗಳು ಊರಿಗೆ ಒಂದೆರಡು ಸಿಗುತ್ತವೆ. ನಿಮ್ಮ ಹತ್ತಿರದಲ್ಲಿ ಅಂಥ ಅಂಗಡಿ ಇದ್ದು, ಬಿಸಿಲು ಬೀಳುವ ಜಾಗವೂ ಇದ್ದರೆ ಮಾತ್ರ ಇದಕ್ಕೆ ಕೈ ಹಾಕಿ. ಹೊರಗೊಂದು ಗವಸು ಹಾಕಿ, ಗವಸು ಮಾತ್ರ ಒಗೆಯಿರಿ.

ಜೈಪುರಿ ರಜಾಯಿ ಇದರದೇ ನಾಜೂಕಿನ ತಂಗಿ. ಚೆನ್ನಾಗಿ ಹಿಂಜಿದ ಹತ್ತಿ, ಮೇಲೆ ತೆಳು ನೂಲಿನ ಬಟ್ಟೆ, ಅದರ ಮೇಲೆ ಅಚ್ಚಿನ ಹೂಬಳ್ಳಿ. ಪಾವು ಕೆ.ಜಿ. ಹತ್ತಿಯ ರಜಾಯಿ ಅಂತ ಹೆಸರು ಮಾಡಿದ್ದೇ ಇದು, ಅಂದರೆ 250 ಗ್ರಾಂ. ನಮ್ಮ ರಾಜ್ಯದ ಬಹುಪಾಲು ಊರುಗಳ ಚಳಿಗೆ ಹೇಳಿ ಮಾಡಿಸಿದ ಹಾಗಿದೆ, ಹಗುರ, ಬೆವರು ಹೀರುತ್ತದೆ, ನೋಡಲೂ ಚೆಂದ. ಮಷೀನಿಗೆ ಹಾಕಬೇಡಿ. ಟಬ್ಬಿನಲ್ಲಿ ತಣ್ಣೀರು, ಸ್ವಲ್ಪ ಸೋಪು, ಒತ್ತಿ ತೆಗೆದು ಹಿಂಡದೆ ಮಡಿಚಿ ಹಾಕಿ, ಇಲ್ಲವೇ ಡ್ರೈಕ್ಲೀನ್. ಚಿಕ್ಕ ಮಕ್ಕಳು, ನಾಯಿ, ಹಾಸಿಗೆಯಲ್ಲೇ ತಿಂಡಿ ತಿನ್ನುವ ಗಂಡ, ಈ ಮೂರರಲ್ಲಿ ಎರಡಿದ್ದರೂ ಇದನ್ನು ಮರೆತುಬಿಡಿ.

ಕಂಬಳಿ

ಇದು ಕ್ವಿಲ್ಟ್ ಅಲ್ಲ, ಗೊತ್ತು. ಆದರೂ ನಮ್ಮ ನಾಡಿನಲ್ಲಿ ಹೊದಿಕೆಯ ಮಾತು ಬಂದಾಗ ಕಂಬಳಿ ಬಿಡೋಕಾಗುತ್ತಾ? ದಕ್ಖನಿ ಕುರಿಯ ಉಣ್ಣೆ, ಕುರುಬರ ಕೈನೂಲು, ಗುಣಿಮಗ್ಗದ ನೇಯ್ಗೆ, ಹಾಸುನೂಲಿಗೆ ಹುಣಸೆ ಬೀಜದ ಗಂಜಿ. ಚಳ್ಳಕೆರೆ ಕಡೆಯದು, ರಾಣೆಬೆನ್ನೂರಿನ ಹತ್ತಿರದ ಮೇಡ್ಲೇರಿಯದು ಹೆಸರುವಾಸಿ. ಉಣ್ಣೆ ತನ್ನ ತೂಕದ ಮೂರರಲ್ಲೊಂದು ಪಾಲಿನ ಹತ್ತಿರದಷ್ಟು ತೇವ ಹೀರಿದರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ, ಥಂಡಿ ಊರಿನಲ್ಲಿ ಅದಕ್ಕೇ ಇದು ಗೆಲ್ಲುತ್ತದೆ. ಮಲೆನಾಡಿನಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು ಮಳೆಯಲ್ಲೇ ಗದ್ದೆ ಕೆಲಸ ಮಾಡುತ್ತಿದ್ದವರಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ.

ಚುಚ್ಚುತ್ತದೆ. ಹೌದು, ಚುಚ್ಚುತ್ತದೆ. ದಕ್ಖನಿ ಉಣ್ಣೆ ಒರಟು. ಕಂಬಳಿಯ ಮೇಲೆ ಕೂತು ಉಣ್ಣುತ್ತಾ ಕೂದಲು ಆರಿಸುವ ಹಾಗೆ ಇದರಲ್ಲಿ ಮೆತ್ತಗಿನ ಗುಣ ಹುಡುಕಬೇಡಿ. ಒಳಗೊಂದು ದುಪ್ಪಟಿ ಹೊದ್ದು ಮೇಲೆ ಕಂಬಳಿ ಹಾಕಿಕೊಳ್ಳಿ. ಒಗೆಯುವುದು ಅಪರೂಪ, ಕೊಡವಿ ನೆರಳಿಗೆ ಹಾಕಿದರೆ ಸಾಕು. ಬಿಸಿನೀರು ತಾಗಿಸಿದರೆ ಕುಗ್ಗಿಬಿಡುತ್ತದೆ. ನಿಜವಾದ ಉಣ್ಣೆಯಾ ಅಂತ ಅನುಮಾನ ಬಂದರೆ ಅಂಚಿನ ಒಂದು ಎಳೆ ಕಿತ್ತು ಸುಡಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಹತ್ತಿ ಕಾಗದದ ಹಾಗೆ ಉರಿಯುತ್ತದೆ.

ಉಳಿದವು

ದೋಹರ್ ಅಂದರೆ ಮೂರು ಪದರ ಮಲ್‌ಮಲ್ ಬಟ್ಟೆ, ಅಂಚಿಗೆ ಹೊಲಿಗೆ. ಎಸಿ ಕೋಣೆಗೆ, ಕರಾವಳಿಗೆ, ಸೆಖೆಯವರಿಗೆ. ಮಷೀನಿಗೆ ಹಾಕಬಹುದು, ಬಾಲ್ಕನಿಯಲ್ಲಿ ಅರ್ಧ ದಿನಕ್ಕೆ ಒಣಗುತ್ತದೆ, ಪ್ರತಿ ಸಲ ಒಗೆದಾಗಲೂ ಇನ್ನಷ್ಟು ಮೆತ್ತಗಾಗುತ್ತದೆ. ಸೋಲಾಪುರ ಚಾದರ ಇನ್ನೂ ಗಟ್ಟಿ, ಮಗ್ಗದಲ್ಲೇ ಚಿತ್ತಾರ ಬಂದಿರುತ್ತದೆ, ಹತ್ತು ವರ್ಷ ಬಾಳುತ್ತದೆ. ಉತ್ತರ ಕರ್ನಾಟಕದ ಮದುವೆಗಳಲ್ಲಿ ಉಡುಗೊರೆ ಬಂದ ಚಾದರ ಯಾವ ಮನೆಯಲ್ಲಿ ಇಲ್ಲ ಹೇಳಿ, ಮೊದಲು ಟ್ರಂಕ್ ತೆಗೆದು ನೋಡಿ, ಹೊಸದು ಕೊಳ್ಳುವ ಅಗತ್ಯವೇ ಬೀಳಲಿಕ್ಕಿಲ್ಲ. ಮಿಂಕ್ ಬ್ಲಾಂಕೆಟ್, ಆ ಹುಲಿ, ಗುಲಾಬಿ ಚಿತ್ರದ ನುಣುಪು ರಗ್ಗು, ಬೆಚ್ಚಗಿರುತ್ತದೆ, ಆದರೆ ಧೂಳು ಹಿಡಿಯುತ್ತದೆ, ನೀರು ತುಂಬಿದರೆ ಎಮ್ಮೆಕರುವಿನ ತೂಕ. ರೇಷ್ಮೆ ತುಂಬಿದ್ದು, ಬಾತುಕೋಳಿ ಪುಕ್ಕದ್ದು ಸಿಗುತ್ತದೆ, ನಮ್ಮ ಹವೆಗೆ ಅಷ್ಟು ದುಡ್ಡು ಸುರಿಯಬೇಕಾಗಿಲ್ಲ.

ಅಳತೆ, ಮತ್ತು ಪಕ್ಕದಲ್ಲಿರುವವರು

ಜಗಳಗಳೆಲ್ಲ ಇಲ್ಲಿಂದಲೇ. ಕ್ವೀನ್ ಮಂಚ 60 ಇಂಚು ಅಗಲ, ಕಿಂಗ್ 72, ಎರಡಕ್ಕೂ ಉದ್ದ ಸಾಮಾನ್ಯವಾಗಿ 78. ಅಂಗಡಿಯಲ್ಲಿ ಎರಡಕ್ಕೂ "ಡಬಲ್" ಅಂತ ಒಂದೇ 90 ಇಂಚಿನ ಹೊದಿಕೆ ಕೊಡುತ್ತಾರೆ. ಈಗ ಲೆಕ್ಕ ಹಾಕಿ. ಕಿಂಗ್ ಮಂಚ 72, ಹಾಸಿಗೆಯ ದಪ್ಪ 8 ಇಂಚು, ಎರಡೂ ಪಕ್ಕ ಇಳಿಯಲು 16. ಒಟ್ಟು 88. ಇದು ಖಾಲಿ ಮಂಚದ ಲೆಕ್ಕ. ಒಳಗೆ ಇಬ್ಬರು ಮನುಷ್ಯರು ಮಲಗಿದರೆ ಮೈ ಎತ್ತರಕ್ಕೆ ಬಟ್ಟೆ ಮೇಲೇಳುತ್ತದೆ, ಒಬ್ಬರು ಮಗ್ಗುಲು ತಿರುಗಿದರೆ ಇನ್ನೊಬ್ಬರ ಬೆನ್ನು ಬಯಲು. ಕಿಂಗ್ ಮಂಚದವರು 100 ಇಂಚಿಗಿಂತ ಕಮ್ಮಿ ಅಗಲದ್ದನ್ನು ಕೊಳ್ಳಬೇಡಿ. ಲೇಬಲ್ಲಿನ ಹೆಸರು ನಂಬಬೇಡಿ, ಟೇಪ್ ಹಿಡಿಯಿರಿ.

ಅಥವಾ ನಾವು ಮಾಡಿದ ಹಾಗೆ ಮಾಡಿ, ಎರಡು ಸಿಂಗಲ್ ತೆಗೆದುಕೊಳ್ಳಿ. 60 ಮತ್ತು 60, ಒಟ್ಟು 120 ಇಂಚು, ಅವರಿಗೆ ದೋಹರ್, ನನಗೆ ಕಂಫರ್ಟರ್. ಎರಡೂ ಮಷೀನಿನಲ್ಲಿ ಹಿಡಿಯುತ್ತವೆ, ಎರಡೂ ಬಾಲ್ಕನಿಯಲ್ಲಿ ಒಣಗುತ್ತವೆ. ಅತ್ತೆ ಮೊದಲ ಸಲ ಬಂದಾಗ ಎರಡು ಹೊದಿಕೆ ನೋಡಿ, "ಏನು, ಇಬ್ಬರೂ ಸರಿ ಇದ್ದೀರಲ್ಲಾ?" ಅಂತ ಕೇಳಿದರು. ಜರ್ಮನಿಯಲ್ಲಿ ಗಂಡ ಹೆಂಡತಿ ಒಂದೇ ಮಂಚದ ಮೇಲೆ ಬೇರೆ ಬೇರೆ ಹೊದಿಕೆ ಹೊದೆಯುವುದು ಮಾಮೂಲು, ಅಲ್ಲಿರುವ ನಮ್ಮ ಕಡೆಯವರೂ ಅದನ್ನೇ ರೂಢಿ ಮಾಡಿಕೊಂಡಿದ್ದಾರೆ ಅಂತ ಹೇಳಿ ಸಮಾಧಾನ ಮಾಡಿದೆ.

ಇಂಗ್ಲೆಂಡಿಗೆ ಹೊಸದಾಗಿ ಹೋಗುವವರಿಗೂ ಒಂದು ಮಾತು. ಇಲ್ಲಿಂದ ರಜಾಯಿ ಹೊತ್ತುಕೊಂಡು ಹೋಗಬೇಡಿ, ಬ್ಯಾಗಿನಲ್ಲಿ ಜಾಗ ದಂಡ. ಅಲ್ಲಿ ಡುವೆ ಅಂತ ಒಳಗಿನ ರಜಾಯಿ ಬೇರೆ, ಅದರ ಗವಸು ಬೇರೆ ಸಿಗುತ್ತದೆ. ಎಷ್ಟು ಬೆಚ್ಚಗಿರುತ್ತದೆ ಅಂತ ಹೇಳುವ ಟಾಗ್ ಅನ್ನುವ ಅಳತೆ ನೋಡಿ ಕೊಳ್ಳಬೇಕು. ಬೇಸಿಗೆಗೆ 4.5, ಚಳಿಗಾಲಕ್ಕೆ 13.5. ಮನೆಯಲ್ಲಿ ಹೀಟಿಂಗ್ ಇದ್ದರೆ 10.5 ಸಾಕಾಗುತ್ತದೆ. 4.5 ಮತ್ತು 9 ಎರಡನ್ನೂ ಗುಂಡಿ ಹಾಕಿ ಸೇರಿಸುವಂಥದ್ದು ಬರುತ್ತದೆ, ವರ್ಷವಿಡೀ ನಡೆಯುತ್ತದೆ.

ಕೂಸು, ಸೀನು, ನುಸಿಗುಳಿಗೆ

ಒಂದು ವರ್ಷದೊಳಗಿನ ಮಗು ಮಲಗಿರುವ ಕಡೆ ಸಡಿಲ ಹೊದಿಕೆ ಯಾವುದೂ ಬೇಡ, ಕೌದಿಯೂ ಬೇಡ, ಕಂಫರ್ಟರೂ ಬೇಡ. ಮುಖಕ್ಕೆ ಬಂದರೆ ಸರಿಸಿಕೊಳ್ಳಲು ಅದಕ್ಕೆ ಬರುವುದಿಲ್ಲ. ಮೈತುಂಬ ಬಟ್ಟೆ ಹಾಕಿ ಮಲಗಿಸಿ. ಅಜ್ಜಿಯಂದಿರು ಒಪ್ಪುವುದಿಲ್ಲ, ಆದರೂ ಇದೊಂದರಲ್ಲಿ ಹಟ ಹಿಡಿಯಿರಿ.

ಬೆಳಿಗ್ಗೆ ಎದ್ದ ಕೂಡಲೇ ಸೀನು ಬರುವವರು 60 ಡಿಗ್ರಿಯ ಬಿಸಿನೀರು ತಡೆಯುವಂಥ ಹೊದಿಕೆ ಆರಿಸಿಕೊಳ್ಳಿ, ಧೂಳಿನ ಹುಳ ಆ ಬಿಸಿಗೆ ಸಾಯುತ್ತದೆ. ಗವಸು ಇರುವ ಹೊದಿಕೆ ಇಲ್ಲಿ ಉಪಯೋಗಕ್ಕೆ ಬರುತ್ತದೆ, ವಾರ ವಾರ ಗವಸು ಒಗೆಯಬಹುದು. ಎತ್ತಿಡುವಾಗ ಪೂರ್ತಿ ಒಣಗಿದೆಯಾ ಅಂತ ಕೆನ್ನೆಗೆ ಒತ್ತಿ ನೋಡಿ, ಕೈಗೆ ಗೊತ್ತಾಗದ ತೇವ ಕೆನ್ನೆಗೆ ತಣ್ಣಗೆ ತಾಗುತ್ತದೆ. ಪ್ಲಾಸ್ಟಿಕ್ ಕವರಿಗಿಂತ ಹಳೇ ಬೆಡ್‌ಶೀಟಿನ ಗಂಟು ವಾಸಿ. ಪುಟ್ಟ ಮಗು ಇರುವ ಮನೆಯಲ್ಲಿ ನುಸಿಗುಳಿಗೆ ಹಾಕಬೇಡಿ, ಕೆಲವು ಕೂಸುಗಳಿಗೆ ಅದರ ಗಾಳಿಯೇ ರಕ್ತಕ್ಕೆ ತೊಂದರೆ ಮಾಡುತ್ತದೆ. ಒಣಗಿದ ಬೇವಿನ ಎಲೆ ಹಾಕಿದರೆ ಸಾಕು.

ತಂಗಿ ಕೊನೆಗೆ ಎರಡು ಸಿಂಗಲ್ ದೋಹರ್, ಒಂದು ಹತ್ತಿ ಹೊರಬಟ್ಟೆಯ 200 ಜಿಎಸ್‌ಎಂ ಸಿಂಗಲ್ ಕಂಫರ್ಟರ್ ತೆಗೆದುಕೊಂಡಳು. ಜೊತೆಗೆ ಓನರ್ ಹತ್ತಿರ ಮಾತಾಡಿ ಭಾನುವಾರಕ್ಕೆ ತಾರಸಿ ಬೀಗದ ಕೈಯನ್ನೂ ಗಿಟ್ಟಿಸಿಕೊಂಡಳು. ಬೀಗದ ಕೈ ಸಿಕ್ಕಿದ ಮೇಲೆ ಅವಳಿಗೆ ಕೌದಿಯ ಆಸೆ ಹುಟ್ಟಿದೆ. ಅವ್ವನ ಹತ್ತಿರ ನಾಲ್ಕು ನೂಲಿನ ಸೀರೆ ಕೇಳಿದ್ದಾಳೆ. ಅವ್ವ ಮೂರು ಕೊಟ್ಟಿದ್ದಾಳೆ. ನಾಲ್ಕನೆಯದು ಹಸಿರು ಇಳಕಲ್, ಅದನ್ನು ಎರಡು ಸಲ ಕೊಟ್ಟು ಎರಡು ಸಲ ವಾಪಸ್ ತೆಗೆದುಕೊಂಡಿದ್ದಾಳೆ.